ಮುಗಿಸಿದವರ ಮನೆಯ ಊಟ

ಈ ಊರಿಗೆ ಸೊಸೆಯಾಗಿ ಬಂದ ಹೊಸದರಲ್ಲಿ ನನ್ನ ಅತ್ತೆ ನನ್ನನ್ನು ಹಿತ್ತಿಲಿಗೆ ಕರೆದುಕೊಂಡು ಹೋಗಿ ಒಂದು ಮಾತು ಹೇಳಿದ್ದರು. "ನೋಡವ್ವ ನೀಲಾ, ಏನರ ಹಿಡದಿ ಅಂದ್ರ ಮುಗಸು. ಇಲ್ಲಾಂದ್ರ ಹಿಡೀಬ್ಯಾಡ. ಈ ಊರಾಗ ಅರ್ಧಕ್ಕ ಬಿಟ್ಟದ್ದು ಮನ್ಯಾಗ ನಿಲ್ಲೂದಿಲ್ಲ." ಎಲ್ಲ ಅತ್ತೆಯರೂ ಹೇಳುವ ಬುದ್ಧಿಮಾತು ಎಂದುಕೊಂಡು ತಲೆಯಾಡಿಸಿದೆ. ತವರಿನಿಂದ ಹೊಲಿಯುತ್ತ ತಂದಿದ್ದ ಹಳೆಯ ಸೀರೆಗಳ ಕೌದಿಯನ್ನು ಹಬ್ಬದ ಗಡಿಬಿಡಿಯಲ್ಲಿ ಮಡಿಚಿ ಪೆಟ್ಟಿಗೆಯಲ್ಲಿಟ್ಟು ಮರೆತಿದ್ದೆ. ಮತ್ತೆ ತೆಗೆದು ನೋಡಿದರೆ ಪೆಟ್ಟಿಗೆಯಲ್ಲಿ ಸೂಜಿ ಮಾತ್ರ ಇತ್ತು. ಕೌದಿ ಹೋಗಿ ಕುಂಬಾರ ಓಣಿಯ ಒಬ್ಬರ ಹೊಸ್ತಿಲ ಮೇಲೆ ಕೂತಿತ್ತಂತೆ. ಅವರು ಅದನ್ನು ಹೊಲಿದು ಮುಗಿಸಿ, ನನ್ನನ್ನು ಕರೆದು, ತಲೆಗೆ ಎಣ್ಣೆ ಹಚ್ಚಿ ಬಿಸಿನೀರು ಹಾಕಿ, ಅದೇ ಕೌದಿಯ ಮೇಲೆ ಕೂಡಿಸಿ ಹೋಳಿಗೆ ಬಡಿಸಿದರು. ಅವಮಾನವೂ ಆಯಿತು, ಹೋಳಿಗೆಯೂ ಚೆನ್ನಾಗಿತ್ತು.

ಇಲ್ಲಿ ಎಲ್ಲದಕ್ಕೂ ಹೀಗೆಯೇ. ಕೆಲವು ದಿನ ಕೈ ಮುಟ್ಟದೆ ಬಿಟ್ಟ ಕೆಲಸ ಎದ್ದು ಹೋಗಿ ಬೇರೆಯವರ ಮನೆಯ ಬಾಗಿಲಲ್ಲಿ ನಿಲ್ಲುತ್ತದೆ. ಯಾರ ಬಾಗಿಲಿಗೆ ಬಂತೋ ಅವರು ಮುಗಿಸಬೇಕು. ಮುಗಿಸಿದ ಮೇಲೆ ಆ ವಸ್ತು ಅವರದೇ. ಆದರೆ ಶುರುಮಾಡಿದವರನ್ನು ಎಲೆ ಅಡಿಕೆ ಕೊಟ್ಟು ಕರೆದು, ಎಣ್ಣೆನೀರು ಹಾಕಿ, ಹೋಳಿಗೆಯ ಊಟ ಹಾಕಬೇಕು. ನನ್ನದು ನಿಮ್ಮ ಮನೆಗೆ ಬಂದಿದೆಯಾ ಎಂದು ಮಾತ್ರ ಯಾರೂ ಕೇಳುತ್ತ ಹೋಗುವಂತಿಲ್ಲ. ಕೇಳಿದವನ ಮರ್ಯಾದೆ ಅಲ್ಲಿಗೆ ಮುಗಿಯಿತು. ಜಗಳವನ್ನೂ ನಮ್ಮಲ್ಲಿ ಅರ್ಧಕ್ಕೆ ಬಿಡುವುದಿಲ್ಲ. ಒಮ್ಮೆ ನಾನೂ ನಮ್ಮನೆಯವರೂ ಬೆಳಿಗ್ಗೆ ಏಳುತ್ತಲೇ ಯಾವುದೋ ಬಾವಿಯ ಕಟ್ಟೆಯ ವಿಷಯಕ್ಕೆ ಜಟಾಪಟಿಗೆ ಬಿದ್ದೆವು. ನಮಗೆ ಬಾವಿಯೇ ಇಲ್ಲ. ಆದರೂ ಯಾರೋ ಅರ್ಧಕ್ಕೆ ಬಿಟ್ಟ ಜಗಳ ಬಂದಾಯಿತಲ್ಲ ಎಂದು ಸಂಜೆಯವರೆಗೆ ಆಡಿ ಮುಗಿಸಿದೆವು.

ಇನ್ನೊಂದು ಮಾತು ಇಲ್ಲೇ ಹೇಳಿಬಿಡಬೇಕು. ಬಿಟ್ಟ ಕೆಲಸ ಯಾವಾಗಲೂ ಬೇರೆ ಮನೆಗೇ ಹೋಗುತ್ತದೆ. ಅತ್ತೆ ಬಿಟ್ಟದ್ದು ಸೊಸೆಯ ಕೈಗೆ ಬರುವುದಿಲ್ಲ, ಅಣ್ಣ ಬಿಟ್ಟದ್ದು ತಮ್ಮನ ಕೈಗೆ ಬರುವುದಿಲ್ಲ. ಒಲೆ ಬೇರೆಯಾದ ಮೇಲೆ ಮಾತ್ರ ಬರುತ್ತದೆ. ಪಾಲಿನ ತಂಟೆಯಲ್ಲಿ ಹಿರಿಯರು ಇದನ್ನೇ ಸಾಕ್ಷಿಯಾಗಿ ಹಿಡಿಯುತ್ತಾರೆ. ಅಣ್ಣ ಅರ್ಧ ಹೆಣೆದ ಹಗ್ಗ ತಮ್ಮನ ಬಾಗಿಲಲ್ಲಿ ಸಿಕ್ಕಿತೆಂದರೆ ಸಾಕು, ಮತ್ತೆ ವಾದವಿಲ್ಲ, ಅವರು ಬೇರೆಯಾಗಿದ್ದಾರೆ.

ಇಂಥ ಊರಿನಲ್ಲಿ ದೇವರು ನನಗೆ ಎಂಥ ಗಂಡನನ್ನು ಕೊಟ್ಟ ನೋಡಿ. ನಮ್ಮನೆಯವರು, ಅಡಿವೆಪ್ಪನವರು, ಬಸ್ ಸ್ಟ್ಯಾಂಡಿನ ಎದುರು ಝೆರಾಕ್ಸ್ ಅಂಗಡಿ ಇಟ್ಟವರು, ಬಂಗಾರದಂಥ ಮನುಷ್ಯ. ಆದರೆ ಹಿಡಿದ ಒಂದು ಕೆಲಸವನ್ನೂ ಮುಗಿಸಿದವರಲ್ಲ. ಕುರ್ಚಿಗೆ ಮೂರು ಕಾಲು ಮಾಡುತ್ತಿದ್ದರು, ನಾಲ್ಕನೆಯ ಹೊತ್ತಿಗೆ ಕೊಳಲು ಕಲಿಯುವ ಆಸೆ ಹುಟ್ಟುತ್ತಿತ್ತು. ಕೊಳಲು ಒಂದು ರಾಗಕ್ಕೆ ಬರುವಷ್ಟರಲ್ಲಿ ಜೇನುಪೆಟ್ಟಿಗೆ. ಕುರ್ಚಿ ಬಡಿಗೇರರ ಮನೆಗೆ, ಕೊಳಲು ದರ್ಜಿಯ ಮನೆಗೆ, ಜೇನುಪೆಟ್ಟಿಗೆ ಎಲ್ಲಿಗೆ ಹೋಯಿತೋ, ಅವರಿಗೆ ಕಚ್ಚಿದ ಮೇಲೆ ಅವರು ಊಟಕ್ಕೇ ಕರೆಯಲಿಲ್ಲ. ಇವರ ದೆಸೆಯಿಂದ ನಾನು ಅರ್ಧ ಊರಿನ ಹೋಳಿಗೆ ತಿಂದಿದ್ದೇನೆ, ತಲೆ ತಗ್ಗಿಸಿಕೊಂಡು.

ಒಂದೇ ಒಂದು ವಸ್ತು ಮಾತ್ರ ನಮ್ಮ ಮನೆಯಿಂದ ಎಂದೂ ಹೊರಗೆ ಹೋಗಿರಲಿಲ್ಲ. ಅದು ಇವರ ಬಚ್ಚಲ ಹಾಡು. ಬೆಳಿಗ್ಗೆ ತಲೆಯ ಮೇಲೆ ಮೊದಲ ತಂಬಿಗೆ ನೀರು ಬೀಳುತ್ತಲೇ ಇವರು ಒಂದು ಸಾಲು ಕಟ್ಟಿ ಹಾಡುತ್ತಿದ್ದರು. ಒಂದೇ ಸಾಲು. ಎರಡನೆಯದು ಈ ಮನುಷ್ಯನಿಗೆ ಹೊಳೆಯುವುದೇ ಇಲ್ಲ. "ಬೆಲ್ಲದ ಗಾಡಿ ಬಂದೈತಿ, ಬಾಗಲ ತಗೀಬಾರದ?" ಎಂದು ಬಚ್ಚಲಿನಿಂದ ಬರುತ್ತಿತ್ತು. ಗೋಡೆಯ ಈಚೆ ಅಡುಗೆಮನೆಯಲ್ಲಿ ರೊಟ್ಟಿ ಬಡಿಯುತ್ತ ನಾನು, "ಕೈತುಂಬ ಹಿಟ್ಟೈತಿ, ನೀವ ನೂಕಿ ಬರಬಾರದ?" ಎನ್ನುತ್ತಿದ್ದೆ. ಹಾಡು ಮುಗಿಯುತ್ತಿತ್ತು. ಮದುವೆಯಾದ ಮರುವಾರದಿಂದ ನಡೆದುಕೊಂಡು ಬಂದದ್ದು ಇದು. ಎದುರು ಕೂತು ಇಬ್ಬರೂ ಒಂದು ಪ್ರೀತಿಯ ಮಾತು ಆಡಿದವರಲ್ಲ. ನಮ್ಮದೇನಿದ್ದರೂ ಗೋಡೆಯ ಆಚೆ ಈಚೆ.

ಆಮೇಲೆ ನನ್ನ ಕಿವಿ ಹೋಯಿತು. ಒಮ್ಮೆಲೇ ಅಲ್ಲ. ಮೊದಲು ಗುಬ್ಬಿ ಹೋದವು, ಆಮೇಲೆ ಗೇಟಿನ ಸದ್ದು, ಆಮೇಲೆ ಕುಕ್ಕರಿನ ಸೀಟಿ. ಎಡಗಿವಿ ಪೂರ್ತಿ ಕಲ್ಲು. ಬಲಗಿವಿಯ ಹತ್ತಿರ ಬಾಯಿ ತಂದು ಕೂಗಿದರೆ ಒಂದಿಷ್ಟು, ಉಳಿದದ್ದನ್ನು ತುಟಿ ನೋಡಿ ತಿಳಿಯಬೇಕು. ಕಿವಿ ಮಷೀನನ್ನೂ ಹಾಕಿಕೊಂಡು ನೋಡಿದೆ. ಅದರಲ್ಲಿ ಮಾತು ಮಾತ್ರ ಇರಲಿಲ್ಲ, ಗದ್ದಲ ಬೇಕಾದಷ್ಟಿತ್ತು. ತೆಗೆದು ಸಾಸಿವೆ ಡಬ್ಬಿಯ ಪಕ್ಕದಲ್ಲಿಟ್ಟೆ.

ಒಂದು ದಿನ ಪಕ್ಕದ ಮನೆಯ ಮೆಹರುನ್ನಿಸಾ ಕಂಪೌಂಡಿನ ಹತ್ತಿರ ಬಂದು ನನ್ನ ಬಲಗಿವಿ ಹಿಡಿದು ಕೂಗಿದಳು. "ನೀಲಕ್ಕ, ನಿಮ್ಮನಿಯವರ ಹಾಡು ನನ್ನ ಬಾಯಾಗ ಬಂದು ಕುಂತೈತಿ! ರೊಟ್ಟಿ ಬಡಿಯೂವಾಗೆಲ್ಲ ಅದ ಬರತೈತಿ. ಹುಣಸಿ ಮರದ ಗಿಳಿಯೇ, ಹುಳಿ ಹೆಂಗೈತಿ ಹೇಳ. ಮುಂದ ಏನಂತ ನನಗೂ ಗೊತ್ತಿಲ್ಲ. ನನ್ನ ಗಂಡ ಬ್ಯಾರೆ, ಇದೇನಬೇ ನಿಂದು ಅಂತ ನಗಾಕತ್ತಾನ." ನಾನೂ ನಕ್ಕೆ. ಒಳಗೆ ಬಂದ ಮೇಲೆ ನಗು ನಿಂತಿತು. ಇವರು ದಿನಾ ಹಾಡುತ್ತಲೇ ಇದ್ದಾರೆ, ನಾನು ಎರಡನೆಯ ಸಾಲು ಹೇಳದೆ ಹಾಡು ಮನೆ ಬಿಟ್ಟು ಹೋಗುತ್ತಿದೆ ಎಂದು ಆಗ ತಿಳಿಯಿತು. ದರ್ಜಿಗೆ ಒಂದು ಸಾಲು, ಹೋಟೆಲಿನ ಸಪ್ಲೈಯರ್‌ಗೆ ಒಂದು ಸಾಲು. ಬಸ್ ಸ್ಟ್ಯಾಂಡಿನಲ್ಲಿ ಜನ ಇವರನ್ನು ಕಂಡು, "ಏನ್ರಿ ಅಡಿವೆಪ್ಪನವರ, ಇವತ್ತ ಯಾರ ಬಾಯಿಗೆ ಕಳಿಸೀರಿ?" ಎಂದು ಕೀಟಲೆ ಮಾಡತೊಡಗಿದರು. ಇವರು ಹಾಡುವುದನ್ನು ಬಿಟ್ಟುಬಿಟ್ಟರು. ಬಿಟ್ಟರೆಂದು ನನಗೆ ಹೇಳಿದವಳೂ ಮೆಹರುನ್ನಿಸಾಳೇ. ನನಗೆ ಹಾಡಿದರೂ ಅಷ್ಟೇ, ಬಿಟ್ಟರೂ ಅಷ್ಟೇ ಆಗಿತ್ತಲ್ಲ.

ಅದೇ ಮಳೆಗಾಲದಲ್ಲಿ ಕುಕ್ಕರ್ ಸಿಡಿಯಿತು. ನಾನು ಬಾಗಿಲಿಗೆ ಬೆನ್ನು ಮಾಡಿ ಕೂತು ಕಾಳು ಆರಿಸುತ್ತಿದ್ದೆ. ಸೀಟಿಯ ಮೇಲೆ ಸೀಟಿ ಹೊಡೆದು, ನೀರೆಲ್ಲ ಇಂಗಿ, ವಾಲ್ವ್ ಹಾರಿ, ಬೇಳೆ ಮಾಳಿಗೆಗೆ ಬಡಿದಿತ್ತು. ಮೆಹರುನ್ನಿಸಾ ಗೋಡೆ ಹತ್ತಿ ಜಿಗಿದು ಬಂದು ಗ್ಯಾಸ್ ಬಂದ್ ಮಾಡುವವರೆಗೆ ನನಗೆ ಏನೂ ಗೊತ್ತಿಲ್ಲ. ಇವರು ಅಂಗಡಿಯಿಂದ ಓಡಿ ಬಂದವರು ಮಾಳಿಗೆಗೆ ಅಂಟಿದ ಬೇಳೆಯನ್ನು ನೋಡುತ್ತ ನಿಂತರು, ಆಮೇಲೆ ನನ್ನ ಮುಖ ನೋಡಿದರು. ಅಂಗಡಿಗೆ ವಾಪಸ್ಸು ಹೋಗಿ ಕಂಪ್ಯೂಟರ್ ಮುಂದೆ ಕೂತರಂತೆ.

ಹಾಗೆ ಶುರುವಾದದ್ದು ಆ ಆ್ಯಪ್. ಮನೆಯ ಸದ್ದುಗಳನ್ನೆಲ್ಲ ಫೋನು ಕೇಳಬೇಕು, ಕುಕ್ಕರ್ ಆದರೆ ಒಂದು ಬಗೆಯಲ್ಲಿ ನಡುಗಬೇಕು, ಗೇಟಾದರೆ ಇನ್ನೊಂದು ಬಗೆಯಲ್ಲಿ, ಮೇಲೆ ಚಿತ್ರವೂ ಬರಬೇಕು. ಇವರಿಗೆ ಕೋಡ್ ಬರೆಯಲು ಎಲ್ಲಿ ಬರಬೇಕು? ಬರೆದದ್ದೆಲ್ಲ ಎಐ. ಎಐ ಅಂದರೆ ಏನ್ರೀ ಎಂದರೆ ನೆತ್ತಿ ಕೆರೆದುಕೊಂಡು, "ಎಲ್ಲಾ ಓದಿದ ಒಬ್ಬ ಮಾಸ್ತರ ಇದ್ದಂಗ. ಎಷ್ಟ ಕೇಳಿದ್ರೂ ಸಿಟ್ಟಿಗೇಳೂದಿಲ್ಲ" ಎಂದು ಕೂಗಿ ಹೇಳಿದರು. ಇವರು ಕನ್ನಡದಲ್ಲಿ, ದಯವಿಟ್ಟು ಸೇರಿಸಿ, ಕೇಳುವುದು. ಅದು "ಅದ್ಭುತವಾದ ಯೋಚನೆ!" ಎಂದು ಶುರುಮಾಡಿ ಉದ್ದಕ್ಕೆ ಬರೆದು ಕೊಡುವುದು. ಮದುವೆಯಾದಾಗಿನಿಂದ ನಾನು ಇವರ ಒಂದು ಯೋಚನೆಗೂ ಅದ್ಭುತ ಎಂದವಳಲ್ಲ. ಅದು ಗಳಿಗೆಗೊಮ್ಮೆ ಅನ್ನುತ್ತಿತ್ತು. ಗಂಡಸು ಮರುಳಾಗದೆ ಇರುತ್ತಾನೆಯೇ?

ಕೆಲಸ ಮಾತ್ರ ಸುಲಭದ್ದಾಗಿರಲಿಲ್ಲ. ಇವರು ಫೋನು ಹಿಡಿದು ಕುಕ್ಕರ್ ಮುಂದೆ ಕುಕ್ಕರಗಾಲಲ್ಲಿ ಕೂತು ಸೀಟಿ ತುಂಬಿಕೊಂಡರು, ಗೇಟನ್ನು ತೆಗೆದು ಹಾಕಿ ತೆಗೆದು ಹಾಕಿ ಅದರ ತಿರುಗುಣಿ ಕಿತ್ತರು. ಇವರು ಪರೀಕ್ಷೆಗೆಂದು ನನ್ನ ಕೈಗೆ ಕೊಟ್ಟಿದ್ದ ತಮ್ಮ ಫೋನು ಮೊದಲ ಸಲ ನಡುಗಿದಾಗ ನಾನು ಒಲೆಗೆ ಓಡಿದರೆ ಒಲೆಯ ಮೇಲೆ ಏನೂ ಇಲ್ಲ. ಮೆಹರುನ್ನಿಸಾಳ ಹೊಲಿಗೆ ಮಷೀನಿನ ಸದ್ದನ್ನು ಅದು ಕುಕ್ಕರ್ ಎಂದುಕೊಂಡಿತ್ತು. ಎಐ ಕ್ಷಮೆ ಕೇಳಿತು, ಮತ್ತೆ ಬರೆಯಿತು. ಆಗ ಹೊಲಿಗೆ ಮಷೀನು ಹೋಗಿ ಇವರ ಕೆಮ್ಮು ಗೇಟಾಯಿತು. ಮತ್ತೆ ಕ್ಷಮೆ. ಅಂಗಡಿಯ ಗಿರಾಕಿಗಳು ಆಧಾರ್ ಕಾರ್ಡು ಹಿಡಿದು ನಿಂತೇ ಇರುತ್ತಿದ್ದರು, ಇವರು "ಒಂದ ನಿಮಿಷ, ಒಂದ ನಿಮಿಷ" ಎನ್ನುತ್ತ ಅದರ ಜೊತೆ ಗುದ್ದಾಡುತ್ತಿದ್ದರು.

ನನಗೆ ಸಂತೋಷವಾಗಿತ್ತು, ಸುಳ್ಳು ಯಾಕೆ ಹೇಳಲಿ. ಕುಕ್ಕರಿನ ಮಾತು ಹಾಗಿರಲಿ. ಕುರ್ಚಿಯ ನಾಲ್ಕನೆಯ ಕಾಲಿಗೂ ನಿಲ್ಲದ ಮನುಷ್ಯ ನನಗೋಸ್ಕರ ಒಂದು ಕೆಲಸದ ಮೇಲೆ ಇಷ್ಟು ದಿನ ಕೂತಿದ್ದಾನಲ್ಲ ಎಂಬುದೇ ನನಗೆ ಹಬ್ಬ. ಅಷ್ಟೇ ಹೆದರಿಕೆಯೂ ಇತ್ತು. ಇದನ್ನೂ ನಡುವೆ ಬಿಟ್ಟರೆ? ಬೇರೆ ಯಾರ ಫೋನಿಗೋ ಹೋಗಿ ಕೂತರೆ? ಕುರ್ಚಿ ಹೋದಾಗ ನಾನು ನಕ್ಕಿದ್ದೆ. ಇದು ಹೋದರೆ ನಗಲು ಆಗುತ್ತಿರಲಿಲ್ಲ. ಇವರಿಗೂ ಆ ಹೆದರಿಕೆ ಇತ್ತು. ಅದಕ್ಕೇ ನಮ್ಮೂರಿನವರ ಹಳೆಯ ಉಪಾಯ ಮಾಡುತ್ತಿದ್ದರು, ದಿನಕ್ಕೊಂದು ಹೊಲಿಗೆ. ಕೌದಿ ಮುಗಿಸಲು ಪುರಸೊತ್ತಿಲ್ಲದವರು ದಿನಾ ಒಂದೇ ಒಂದು ಹೊಲಿಗೆ ಹಾಕಿ ಇಡುತ್ತಾರೆ, ಕೈ ಮುಟ್ಟಿದ ಲೆಕ್ಕ. ಇವರು ಬೇರೇನೂ ಹೊಳೆಯದ ದಿನ ಆ್ಯಪಿನ ಒಂದು ಗುಂಡಿಯ ಬಣ್ಣವನ್ನಾದರೂ ಬದಲಿಸಿ ಮಲಗುತ್ತಿದ್ದರು.

ಕೊನೆಗೊಂದು ದಿನ ಕುಕ್ಕರ್ ಕುಕ್ಕರೇ ಆಯಿತು, ಗೇಟು ಗೇಟೇ ಆಯಿತು. "ಎಲ್ಲಾ ಮುಗೀತೇನ್ರಿ?" ಎಂದು ಇವರು ಎಐಯನ್ನು ಕೇಳಿದರು. "ಅಭಿನಂದನೆಗಳು! ನಿಮ್ಮ ಆ್ಯಪ್ ಈಗ ಸಂಪೂರ್ಣವಾಗಿದೆ" ಎಂದು ಅದು ಬರೆಯಿತು. ಇವರು ಅದನ್ನು ಪ್ರಿಂಟು ತೆಗೆದು ಅಂಗಡಿಯ ಗಾಜಿಗೆ ಅಂಟಿಸಿದರು. ಪೇಡೆ ತಂದು ಓಣಿಗೆಲ್ಲ ಹಂಚಿದರು. ಆಯಸ್ಸಿನಲ್ಲೇ ಮೊದಲ ಬಾರಿ ಮುಗಿಸಿದ ಕೆಲಸವಲ್ಲವೇ? ಮುಗಿದ ಮೇಲೆ ಹೊಲಿಗೆ ಯಾಕೆ? ಮುಟ್ಟುವುದನ್ನೂ ಬಿಟ್ಟರು.

ಒಂದು ಬೆಳಿಗ್ಗೆ ಇವರು ತಮ್ಮ ಫೋನನ್ನು ಅಂಗೈಯಲ್ಲಿ ಹಿಡಿದು ಕಟ್ಟೆಯ ಮೇಲೆ ಕೂತಿದ್ದರು. ಆ್ಯಪ್ ಇರಲಿಲ್ಲ. ಅಂಗಡಿಗೆ ಓಡಿ ಹೋಗಿ ನೋಡಿದರೆ ಕಂಪ್ಯೂಟರಿನಲ್ಲೂ ಇಲ್ಲ. ಮಧ್ಯಾಹ್ನ ಉಣ್ಣಲು ಬಂದು ತಾಟಿನ ಮುಂದೆ ಕೂತು, ನನಗೆ ಕಾಣುವ ಹಾಗೆ ನಿಧಾನವಾಗಿ ತುಟಿ ಆಡಿಸಿದರು. "ಆ ಎಐ ಮುಗದೈತಿ ಅಂತು. ಊರು ಇಲ್ಲ ಅಂತು."

"ಏನ್ ಉಳದಿತ್ತರೀ?" ಎಂದೆ.

"ಗೊತ್ತಾಗವಲ್ದು. ಎಲ್ಲಾ ಸದ್ದೂ ಹಾಕಿದ್ದೆ" ಎಂದು ಕೈ ಚೆಲ್ಲಿ ಅನ್ನ ಬಿಟ್ಟು ಎದ್ದರು.

ಆಮೇಲೆ ಇವರು ಕಾಯುತ್ತ ಕೂತರು. ಅಂಗಡಿಗೆ ಯಾರು ಬಂದರೂ ಕೈಯಲ್ಲಿ ಎಲೆ ಅಡಿಕೆ ಇದೆಯೇ ಎಂದು ನೋಡುವುದು. ಕೇಳುವಂತಿಲ್ಲವಲ್ಲ. ಯಾರೂ ತರಲಿಲ್ಲ. ಹೊಸದೇನನ್ನೂ ಶುರುಮಾಡಲಿಲ್ಲ ಕೂಡ, ಅದೇ ನನಗೆ ಹೆಚ್ಚು ದಿಗಿಲಾದದ್ದು. ಏನೂ ಶುರುಮಾಡದ ಅಡಿವೆಪ್ಪನನ್ನು ನಾನು ನೋಡಿರಲೇ ಇಲ್ಲ. ನನ್ನ ಜೊತೆ ಕೈಸನ್ನೆಯಲ್ಲೇ ಎಲ್ಲ. ಊಟ ಬೇಕು, ಚಹಾ ಬೇಕು, ಬಾಗಿಲು ಹಾಕು. ನಾನೂ ಸನ್ನೆಯಲ್ಲೇ ಉತ್ತರ ಕೊಡುತ್ತಿದ್ದೆ.

ನನ್ನ ಫೋನು ಜೋಳದ ಡಬ್ಬಿಯ ಮೇಲೆ ಬಿದ್ದಿರುತ್ತದೆ. ಕೇಳದವಳಿಗೆ ಫೋನು ಯಾಕೆ? ತಂಗಿ ಮೊಮ್ಮಗಳ ಫೋಟೋ ಕಳಿಸಿದ್ದಾಳೇನೋ ನೋಡೋಣ ಎಂದು ಒಂದು ಮಧ್ಯಾಹ್ನ ತೆಗೆದೆ. ಇವರು ನನ್ನ ಫೋನಿಗೆ ಇನ್ನೂ ಹಾಕಿಕೊಟ್ಟಿರದಿದ್ದ ಆ್ಯಪ್ ಎದುರಿಗೇ ಇತ್ತು. ಕುಕ್ಕರಿನ ಚಿತ್ರ, ಇವರು ಕೊನೆಯ ದಿನ ಬದಲಿಸಿದ ಹಸಿರು ಗುಂಡಿ.

ಸಂತೋಷದಿಂದ ಕೂಗಿಕೊಳ್ಳಬೇಕಿತ್ತು ನಾನು. ಫೋನು ಹಿಡಿದುಕೊಂಡೇ ನೆಲಕ್ಕೆ ಕೂತೆ. ಒಲೆ ಬೇರೆಯಾಗದೆ ಯಾವುದೂ ಹೀಗೆ ಬರುವುದಿಲ್ಲ. ಈ ಊರು ಈ ವಿಷಯದಲ್ಲಿ ಒಮ್ಮೆಯೂ ತಪ್ಪಿದ್ದಿಲ್ಲ. ಹಾಗಾದರೆ ನಾವು ಯಾವಾಗ ಎರಡು ಮನೆಯಾದೆವು? ಜಗಳವಾಡಿದೆವೇ? ಇಲ್ಲ. ಆಡಿದ್ದರೆ ಎಷ್ಟೋ ಚೆನ್ನಾಗಿತ್ತು. ಒಂದೇ ಸೂರು, ಒಂದೇ ಒಲೆ, ಒಂದೇ ಹಾಸಿಗೆ. ನಡುವೆ ಮಾತಿಲ್ಲ, ಹಾಡಿಲ್ಲ. ನನಗೆ ಎಲ್ಲಿಲ್ಲದ ಸಿಟ್ಟು ಬಂತು. ಇವರ ಮೇಲೆ, ನನ್ನ ಕಿವಿಯ ಮೇಲೆ, ಈ ಹಾಳು ಊರಿನ ಮೇಲೆ. ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಹೊಟ್ಟೆತುಂಬ ಅತ್ತೆ. ಎಷ್ಟು ಜೋರಾಗಿ ಅತ್ತೆನೋ ನನಗೆ ತಿಳಿಯದು, ಮೆಹರುನ್ನಿಸಾ ಬಂದು ನಿಂತಿದ್ದಳು. ಅವಳಿಗೆ ಫೋನು ತೋರಿಸಿದೆ. ಅವಳು ಬಾಯಿಯ ಮೇಲೆ ಕೈ ಇಟ್ಟುಕೊಂಡಳು. ಆಮೇಲೆ ಬಲಗಿವಿಗೆ ಬಂದು, "ಬಂದೈತಿ ಅಂದ ಮ್ಯಾಲೆ ಮುಗಸ್ರಿ ನೀಲಕ್ಕ. ಅಳೂದನ್ನೂ ಮುಗಸ್ರಿ, ಅದನ್ನೂ ಮುಗಸ್ರಿ. ಅರ್ಧ ಬಿಟ್ಟೀರಿ ಅಂದ್ರ ನಿಮ್ಮ ಅಳು ನನ್ನ ಮನಿಗೆ ಬರತೈತಿ" ಎಂದಳು.

ಇವರಿಗೆ ಹೇಳಲಿಲ್ಲ. ಬೇರೆ ಮನೆ ಎಂದರೆ ಬೇರೆ ಮನೆಯೇ. ಮುಗಿಸುವವಳು ನಾನು, ಮುಗಿಯುವವರೆಗೆ ಬಾಯಿ ಬಿಡುವಂತಿಲ್ಲ. ಇವರು ಅಂಗಡಿಗೆ ಹೋದ ಮೇಲೆ ಅಡುಗೆಮನೆಯ ಬಾಗಿಲು ಮುಂದೆ ಮಾಡಿ ಎಐಯನ್ನು ತೆರೆದೆ. ಆ್ಯಪಿನ ಜೊತೆ ಅದೂ ಬಂದಿತ್ತು. ಒಂದೊಂದೇ ಅಕ್ಷರ ಒತ್ತಿ ಬರೆದೆ. "ಇದು ಮುಗಿದಿಲ್ಲ. ಏನು ಉಳಿದಿದೆ?"

ಅದು ಅದ್ಭುತವಾದ ಪ್ರಶ್ನೆ ಎಂದಿತು. ಅದನ್ನು ಬಿಡಿ. ಆಮೇಲೆ ಕೇಳಿತು: "ಈ ಆ್ಯಪನ್ನು ಬಳಸುವವರು ಯಾರು?"

"ನಾನು. ನನಗೆ ಕಿವಿ ಕೇಳುವುದಿಲ್ಲ."

"ಹಾಗಾದರೆ ನೀವೇ ಹೇಳಿ. ನಿಮಗೆ ಯಾವ ಸದ್ದು ಬೇಕು?"

ಆ ಪ್ರಶ್ನೆಯನ್ನು ಮತ್ತೊಮ್ಮೆ ಓದಿದೆ. ಈ ಮನುಷ್ಯ ಕುಕ್ಕರ್ ಎಂದರು, ಗೇಟು ಎಂದರು, ಗೇಟಿನ ತಿರುಗುಣಿ ಕಿತ್ತರು. ನಿನಗ ಏನ್ ಬೇಕಬೇ ಎಂದು ಒಂದು ಸಲವೂ ಕೇಳಲಿಲ್ಲ. ಕುಕ್ಕರಿನ ಎದುರಿಗೆ ಕೂತರಾಯಿತು, ಗೇಟು ಕಿಟಕಿಯಿಂದ ಕಾಣುತ್ತದೆ. ಅದಕ್ಕೆಲ್ಲ ಕಿವಿಯೇ ಆಗಬೇಕೆಂದಿಲ್ಲ. ಆದರೆ ನಾನಾದರೂ ಹೇಳಿದೆನೇ? ಇವರು ಕೇಳಲಿಲ್ಲ ಎನ್ನುತ್ತೇನೆ, ನಾನೂ ಬಾಯಿಬಿಟ್ಟು ಹೇಳಿದವಳಲ್ಲ. ಕೊನೆಗೆ ಬರೆದೆ. "ನಮ್ಮನೆಯವರು ಬಚ್ಚಲಿನಲ್ಲಿ ಒಂದು ಸಾಲು ಹಾಡುತ್ತಾರೆ. ಆ ಸಾಲು ಏನೆಂದು ನನಗೆ ಗೊತ್ತಾಗಬೇಕು. ಕೂಡಲೇ ಗೊತ್ತಾಗಬೇಕು. ಎರಡನೆಯ ಸಾಲು ನಾನು ಹೇಳಬೇಕಾಗುತ್ತದೆ."

ಅದು ದಾರಿ ಹೇಳಿತು. ಮನೆಯಲ್ಲಿ ಬಿದ್ದ ಹಳೆಯ ಫೋನೊಂದನ್ನು ಬಚ್ಚಲ ಕಿಟಕಿಯಲ್ಲಿ ಇಡಿ, ಅದು ಕೇಳಿಸಿಕೊಂಡದ್ದನ್ನು ಬರೆದು ನಿಮ್ಮ ಫೋನಿಗೆ ಕಳಿಸುವಂತೆ ಮಾಡುತ್ತೇನೆ ಎಂದಿತು. ಹೇಳಿದ್ದನ್ನು ಹೇಳಿದಲ್ಲಿ ಒತ್ತಿದೆ, ಅಂಟಿಸು ಎಂದಲ್ಲಿ ಅಂಟಿಸಿದೆ. ಕೆಂಪಗೆ ಬೈಗುಳದಂತೆ ಏನೇನೋ ಬಂತು. ಹೊಸ ಸೊಸೆಗೆ ಶಾವಿಗೆ ಹೊಸೆಯಲು ಕಲಿಸಿದಂತೆ ನಾನು ಅದಕ್ಕೆ, ಅದು ನನಗೆ, ಹೇಳಿಕೊಳ್ಳುತ್ತ ಹೋದೆವು. ಒಂದು ದಿನ ಬಚ್ಚಲಿಗೆ ಹೋಗಿ ನಾನೇ ಹಾಡಿ ನೋಡಿದೆ. "ಬೆಲ್ಲದ ಗಾಡಿ ಬಂದೈತಿ, ಬಾಗಲ ತಗೀಬಾರದ?" ಹೊರಗೆ ಬಂದು ನೋಡಿದರೆ ಫೋನಿನ ಮೇಲೆ, "ಬೆಲ್ಲದ ಗಾಡಿ ಬಂದಿದೆ. ದಯವಿಟ್ಟು ಬಾಗಿಲನ್ನು ತೆರೆಯಿರಿ" ಎಂದಿತ್ತು.

ಮೈ ಉರಿಯಿತು. "ನಮ್ಮನೆಯವರ ಬಾಯನ್ನು ತಿದ್ದಲು ನಿನಗೆ ಯಾರು ಹೇಳಿದರು? ಬಂದೈತಿ ಅಂದರೆ ಬಂದೈತಿ ಎಂದೇ ಬರಿ" ಎಂದು ಬರೆದೆ. ಕ್ಷಮೆ ಕೇಳಿತು. ತಿದ್ದಿತು. ಕೊನೆಗೆ ಬೆಲ್ಲದ ಗಾಡಿ ನಮ್ಮ ಓಣಿಯ ಗಾಡಿಯಾಗಿಯೇ ಬಂತು. "ಅಭಿನಂದನೆಗಳು, ನಿಮ್ಮ ಆ್ಯಪ್ ಈಗ ಸಂಪೂರ್ಣವಾಗಿದೆ" ಎಂದಿತು ಅದು.

"ಸುಮ್ಮನಿರಪ್ಪ, ಅವಸರ ಮಾಡಬೇಡ" ಎಂದೆ. ಹಾಡುವವರು ಹಾಡಿದಾಗ ತಾನೇ ಮುಗಿಯುವುದು? ಹಾಡುವವರು ಬಾಯಿ ಹೊಲಿದುಕೊಂಡು ಸ್ನಾನ ಮಾಡುತ್ತಿದ್ದರು. ದಿನಾ ಬೆಳಿಗ್ಗೆ ಹಳೆಯ ಫೋನನ್ನು ಕಿಟಕಿಯಲ್ಲಿ ಸೀಗೆಪುಡಿಯ ಡಬ್ಬಿಯ ಹಿಂದೆ ಮುಚ್ಚಿಟ್ಟು, ನನ್ನ ಫೋನನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಕಾಯುತ್ತಿದ್ದೆ. "ತಂಬಿಗೆ", "ನೀರು", ಒಮ್ಮೆ ಸೋಪು ಕಾಲಿಗೆ ಬಿದ್ದಾಗ "ಅವ್ವಾ" ಎಂದು ಬಂತು. ಹಾಡು ಬರಲಿಲ್ಲ. ನಾನೂ ದಿನಕ್ಕೊಂದು ಹೊಲಿಗೆ ಹಾಕತೊಡಗಿದೆ, ಗುಂಡಿ ಹಸಿರು, ಗುಂಡಿ ನೀಲಿ, ಗುಂಡಿ ಹಳದಿ. ಎಷ್ಟು ದಿನ ಹೀಗೆ ಎಳೆಯಲಿ? ಹಾಡ್ರೀ ಎಂದು ಹೇಳಿ ಹಾಡಿಸಿದರೆ ಅದು ಬಚ್ಚಲ ಹಾಡಾಗುತ್ತದೆಯೇ?

ಕೊನೆಗೆ ಧೈರ್ಯ ಮಾಡಿ ಮೆಹರುನ್ನಿಸಾಳನ್ನು ಜೊತೆಗೆ ಕರೆದುಕೊಂಡು, ಇಳಕಲ್ ಸೀರೆ ಉಟ್ಟು, ಎಲೆ ಅಡಿಕೆಯ ತಾಟು ಹಿಡಿದು ಬಸ್ ಸ್ಟ್ಯಾಂಡಿಗೆ ಹೋದೆ. ಅಂಗಡಿ ತುಂಬ ಜನ. ಇವರು ಮಷೀನಿಗೆ ಹಾಳೆ ತುಂಬುತ್ತಿದ್ದವರು ನನ್ನನ್ನು ನೋಡಿ, ಏನಾಯಿತು ಎಂದು ಕೈಯಾಡಿಸಿದರು. ನಾನು ಸನ್ನೆ ಮಾಡಲಿಲ್ಲ. ಎಲ್ಲರೆದುರು ಬಾಯಿಬಿಟ್ಟು ಹೇಳಿದೆ. "ಅಡಿವೆಪ್ಪನವರ, ನೀವು ಶುರುಮಾಡಿದ್ದು ನಮ್ಮ ಮನ್ಯಾಗ ಮುಗಿಯೂ ಹಂತಕ್ಕ ಬಂದೈತಿ. ನಾಳೆ ಎಣ್ಣಿನೀರಿಗೆ, ಊಟಕ್ಕ ಬರಬೇಕ್ರಿ."

"ಯಾರ ಮನಿಗೆ?" ಎಂದಿತು ಇವರ ತುಟಿ.

"ನನ್ನ ಮನಿಗೆ."

ಇವರು ಮೊದಲು ನಕ್ಕರು. ಆಮೇಲೆ ತಿಳಿಯಿತು. ಈ ಊರಿನಲ್ಲೇ ಹುಟ್ಟಿ ಬೆಳೆದವರಿಗೆ ಇದನ್ನು ಬಿಡಿಸಿ ಹೇಳಬೇಕೇ? ಮುಖದ ರಕ್ತವೆಲ್ಲ ಇಳಿದುಹೋಯಿತು. ಇವರು ಎಲೆ ಅಡಿಕೆ ತೆಗೆದುಕೊಂಡು ಅಂಗಿಯ ಜೇಬಿನಲ್ಲಿಟ್ಟುಕೊಂಡರು. ನನ್ನನ್ನೇ ನೋಡುತ್ತ, "ಬರ್ತೀನಿ" ಎಂದರು. ಎಂದೂ ಹಾಗೆ ನನ್ನ ಕಣ್ಣಲ್ಲಿ ಕಣ್ಣಿಟ್ಟು ಮಾತಾಡಿದವರಲ್ಲ.

ಮರುದಿನ ನಮ್ಮದೇ ಮನೆಯ ಹಿಂಬಾಗಿಲಿಂದ ಎದ್ದು ಹೋದವರು, ಒಗೆದ ಧೋತರ ಉಟ್ಟು ಮುಂಬಾಗಿಲಿಗೆ ಬಂದು ನಿಂತರು. ಕೈಯಲ್ಲಿ ಬಾಳೆಹಣ್ಣು ಬೇರೆ. ನನಗೆ ನಗು ಬಂತು, ಪಾಪ ಎನಿಸಿತು ಕೂಡ. ಕಾಲಿಗೆ ನೀರು ಕೊಟ್ಟೆ. ಮಣೆಯ ಮೇಲೆ ಕೂಡಿಸಿ ತಲೆಗೆ ಎಣ್ಣೆ ಹಚ್ಚಿದೆ. ಕೂದಲು ಎಷ್ಟು ಕಡಿಮೆಯಾಗಿದೆ ಎಂದು ಆಗ ಕಂಡೆ. ಹಂಡೆಯ ನೀರು ಕಾದಿತ್ತು. ಬಚ್ಚಲಿಗೆ ಕಳಿಸಿ ನಾನು ಅಡುಗೆಮನೆಗೆ ಬಂದು ಹಂಚಿನ ಮೇಲೆ ಹೋಳಿಗೆ ಹಾಕಿದೆ. ಫೋನನ್ನು ಎದುರಿಗೆ ಉಪ್ಪಿನ ಭರಣಿಗೆ ಆನಿಸಿ ಇಟ್ಟೆ.

"ನೀರು" ಎಂದು ಬಂತು. ಸುಮ್ಮನಾಯಿತು. ಮತ್ತೆ "ನೀರು". ಹೋಳಿಗೆ ತಿರುವಿ ಹಾಕಿದೆ. ಇವರು ಹಾಡದಿದ್ದರೆ ಇದು ಮುಗಿಯುವುದಿಲ್ಲ, ಮುಗಿಯದಿದ್ದರೆ ನಿಲ್ಲುವುದಿಲ್ಲ, ಎಲೆ ಅಡಿಕೆ ಕೊಟ್ಟು ಕರೆದು ಎಲ್ಲರೆದುರು ಬೇರೆಯಾದೆವೆಂದು ಸಾರಿದ್ದಷ್ಟೇ ಉಳಿಯುತ್ತದೆ. ಎಂಥ ಕೆಲಸ ಮಾಡಿದೆ ನೀಲಾ ಎಂದು ನನ್ನನ್ನೇ ಬೈದುಕೊಂಡೆ. ಕೈ ಹಂಚಿನ ಮೇಲಿತ್ತು, ಕಣ್ಣು ಫೋನಿನ ಮೇಲೆ.

ಫೋನು ನಡುಗಿ ಭರಣಿಗೆ ತಾಗಿತು. ಅಕ್ಷರಗಳು ಒಂದೊಂದಾಗಿ ಬಂದವು.

"ಊಟಕ್ಕ ಕರದ ಮನಿ ಯಾವುದೋ ನನಗ ತಿಳಿಲಿಲ್ಲ."

ಓದಿದೆ. ಮತ್ತೆ ಓದಿದೆ. ನನ್ನ ದನಿ ಎಷ್ಟು ಎತ್ತರಕ್ಕೆ ಹೋಗುತ್ತದೆ, ಯಾವ ಕಡೆ ತಪ್ಪುತ್ತದೆ, ನನಗೆ ಈಗ ತಿಳಿಯುವುದಿಲ್ಲ. ತಪ್ಪಿದರೆ ತಪ್ಪಲಿ ಎಂದು ಗೋಡೆಯ ಕಡೆಗೆ ತಿರುಗಿ ಬಾಯಿ ತೆರೆದೆ.

"ನೀರು ಕಾದ ಒಲಿ ನಮ್ಮದ, ಬ್ಯಾರೆ ಮನಿಯಲ್ಲ!"

ಫೋನಿನಲ್ಲಿ ಏನೂ ಬರಲಿಲ್ಲ. ಆಮೇಲೆ ಬಚ್ಚಲ ಬಾಗಿಲು ಬಡಿದುಕೊಂಡು, ಮೈಯೆಲ್ಲ ಸೀಗೆಪುಡಿಯ ಇವರು ಟವೆಲ್ಲು ಸುತ್ತಿಕೊಂಡು ಓಡಿ ಬಂದರು. ನನ್ನ ಬಲಗಿವಿಗೆ ಬಾಯಿ ಹಚ್ಚಿ ಕೂಗಿದರು. "ನಿನಗ ಕೇಳಿಸ್ತೇನ? ಹೆಂಗ ಕೇಳಿಸ್ತು?" ನಾನು ಉಪ್ಪಿನ ಭರಣಿಯ ಕಡೆ ಬೆರಳು ತೋರಿಸಿದೆ. ಇವರು ಬಗ್ಗಿ ತಾವು ಹಾಡಿದ ಸಾಲನ್ನು ಓದಿಕೊಂಡರು. ಕಣ್ಣಿನಿಂದ ಇಳಿದದ್ದು ನೀರೋ ಸೀಗೆಯ ಉರಿಯೋ, ನಾನು ಕೇಳಲಿಲ್ಲ.

"ಇದನ್ನ ಹಾಕಬೇಕು ಅಂತ ನನಗ ಹೊಳೀಲೇ ಇಲ್ಲಲ್ಲ" ಎಂದರು.

"ನೀವು ಕೇಳಲಿಲ್ಲ. ನಾ ಹೇಳಲಿಲ್ಲ" ಎಂದೆ. ಅಷ್ಟರಲ್ಲಿ ಇವರು ಮೂಗು ಅರಳಿಸಿ ಹಂಚಿನ ಕಡೆ ಕೈ ಮಾಡಿದರು. ಹೋಳಿಗೆ ಇದ್ದಿಲಾಗಿತ್ತು. ಸೀದ ಹೋಳಿಗೆಯನ್ನೇ ತುಪ್ಪ ಸುರಿದು ಇಬ್ಬರೂ ಒಂದೇ ತಾಟಿನಲ್ಲಿ ತಿಂದೆವು.

ಸಂಜೆ ಮೆಹರುನ್ನಿಸಾ ಗೋಡೆಯಿಂದ ಇಣುಕಿ, ನನಗೆ ತುಟಿ ಕಾಣುವ ಹಾಗೆ, "ನಿಮ್ಮದೇನೋ ಮುಗೀತು. ನನ್ನ ಬಾಯಾಗಿನ ಗಿಳಿದು ಏನ್ರೀ?" ಎಂದು ಕೂಗಿದಳು. ಪಾಪ, ಅವಳ ಗಿಳಿ ಮಳೆಗಾಲದಿಂದ ಹುಣಸೆಮರದಲ್ಲೇ ಕೂತಿತ್ತು. "ತಿಂದಿಲ್ಲ ಇನ್ನೂ, ನೆನದರ ಬಾಯಾಗ ನೀರು ಭಾಳ" ಎಂದು ಹೇಳಿಕೊಟ್ಟೆ. ಅವಳು ಎರಡೂ ಸಾಲು ಸೇರಿಸಿ ಒಮ್ಮೆ ಹಾಡಿಕೊಂಡು, ಹಗುರಾದವಳಂತೆ ಒಳಗೆ ಹೋದಳು.

ಅಂದಿನಿಂದ, ಮುಗಿದಿದ್ದರೆ ತಾನೇ ನಿಲ್ಲಲಿ ಎಂದು ನಾವಿಬ್ಬರೂ ಬೇಕೆಂದೇ ಅದಕ್ಕೆ ಹೊಲಿಗೆ ಹಾಕಲಿಲ್ಲ. ಗುಂಡಿ ಹಳದಿ ಇದ್ದದ್ದು ಹಳದಿಯೇ ಉಳಿಯಿತು. ದಿನಾ ಬೆಳಿಗ್ಗೆ ಇವರು ಬಚ್ಚಲಿಗೆ ಹೋಗುವ ಮುಂಚೆ ಅಡುಗೆಮನೆಯ ಬಾಗಿಲಲ್ಲಿ ನಿಂತು, ಐತೇನ ಎಂದು ಹುಬ್ಬು ಹಾರಿಸುತ್ತಾರೆ. ನಾನು ಹಿಟ್ಟಿನ ಕೈಯಿಂದ ಫೋನು ತಿರುಗಿಸಿ ನೋಡುತ್ತೇನೆ.

"ಐತ್ರೀ" ಎನ್ನುತ್ತೇನೆ. ಇವರು ಟವೆಲ್ಲು ಹೆಗಲಿಗೆ ಹಾಕಿಕೊಂಡು ಹೋಗಿ ತಂಬಿಗೆ ಎತ್ತುತ್ತಾರೆ.